ವಾಲ್ವ್ ಮುಚ್ಚಳವೂ ನಮ್ಮ ತುಕ್ಕಿನ ಪಾಠವೂ

ಕಾರಿನ ಚಕ್ರಕ್ಕೆ ಗಾಳಿ ತುಂಬುವ ವಾಲ್ವಿನ ತುದಿಯಲ್ಲಿ ಬೆರಳ ತುದಿಯಷ್ಟಿರುವ ಒಂದು ಮುಚ್ಚಳವಿರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಕ್ಯಾಪ್ ಎನ್ನುತ್ತಾರೆ. ವಾಹನದ ಬಿಡಿಭಾಗಗಳಲ್ಲಿ ಅತಿ ಅಗ್ಗವಾದವುಗಳ ಪೈಕಿ ಇದೂ ಒಂದು. ಕಳೆದುಹೋದರೆ ಯಾರೂ ಹುಡುಕುವುದಿಲ್ಲ. ಇಂಥದ್ದನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಕೆಲವು ಓದುಗರಿಗೆ ವಿಚಿತ್ರವೆನಿಸಬಹುದು. ಆದರೆ ಈ ಕ್ಯಾಪ್ ಲೋಹದ್ದಾಗಿದ್ದು, ಅದರ ಕೆಳಗಿರುವುದು ಟೈರ್ ಒತ್ತಡ ಅಳೆಯುವ ಸೆನ್ಸರಿನ ಅಲ್ಯೂಮಿನಿಯಂ ಕೊಳವೆಯಾಗಿದ್ದರೆ, ಅಲ್ಲಿ ಒಂದು ದೋಷವಿದೆ. ಆ ದೋಷದ ಅರ್ಧ ಪಾಲು ಗಾಡಿಯದು, ಉಳಿದರ್ಧ ನಮ್ಮ ತರಗತಿಯದು ಎಂಬುದು ನನ್ನ ವಾದ.

ಮೊದಲು ನಡೆದ ಸಂಗತಿ. ಕಳೆದ ಕಕ್ಕಡದ ಮಳೆಯಲ್ಲಿ ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ ದಾರಿಯಾಗಿ ಕಣ್ಣೂರು ವಿಮಾನ ನಿಲ್ದಾಣಕ್ಕೆ ಹೋಗಬೇಕಿತ್ತು. 2018ರ ಡಿಸೆಂಬರಿನಲ್ಲಿ ಆ ನಿಲ್ದಾಣ ಆರಂಭವಾದ ಮೇಲೆ ನಮ್ಮ ಕಡೆಯವರು ಹೊರದೇಶದಲ್ಲಿರುವ ಮಕ್ಕಳನ್ನು ಕರೆತರಲು, ಕಳಿಸಲು ಹಿಡಿಯುವ ಹತ್ತಿರದ ದಾರಿ ಇದೇ. ಘಟ್ಟ ಇಳಿಯುವ ಮುನ್ನ ಗಾಳಿ ನೋಡಿಸೋಣವೆಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ. ಮೂರು ಚಕ್ರದ ಕ್ಯಾಪ್ ನೋಡುವ ಮೊದಲೇ ನಾಲ್ಕನೆಯದರ ಹತ್ತಿರ ಕುಳಿತಿದ್ದ ಹುಡುಗ, "ಸಾರ್, ಇದು ತಿರುಗ್ತಾನೇ ಇಲ್ಲ" ಎಂದ. ಹೊಳೆಯುವ ಕ್ರೋಮಿಯಂ ಲೇಪದ ಲೋಹದ ಕ್ಯಾಪ್‌ಗಳು ಅವು. ಹಿಂದಿನ ವರ್ಷ ನನ್ನ ಅಕ್ಕನ ಮಗ ಉಡುಗೊರೆಯಾಗಿ ತಂದು, ತಾನೇ ಹಾಕಿಕೊಟ್ಟಿದ್ದ. ಹುಡುಗ ಇಕ್ಕಳ ತಂದು ಹಿಡಿದು ತಿರುಗಿಸಿದ. ಟಕ್ಕೆಂದು ಒಂದು ಸದ್ದು, ಹಿಂದೆಯೇ ಗಾಳಿಯ ಶಿಳ್ಳೆ. ಕೈಗೆ ಬಂದದ್ದು ಕ್ಯಾಪ್ ಮಾತ್ರವಲ್ಲ, ಅದನ್ನು ಕಚ್ಚಿಕೊಂಡಿದ್ದ ಕೊಳವೆಯ ತುಂಡೂ ಹೌದು. ಹುಡುಗನ ಮುಖ ಬಾಡಿತು. ತಪ್ಪು ಅವನದಲ್ಲವೆಂದು ಅವನಿಗೆ ಹೇಳಿದೆನಾದರೂ ಯಾರದೆಂದು ಆ ಹೊತ್ತಿಗೆ ನನಗೂ ಸ್ಪಷ್ಟವಿರಲಿಲ್ಲ. ಸ್ಟೆಪ್ನಿ ಹಾಕಿಕೊಂಡು ಹೊರಟೆ. ಹೊಸ ಸೆನ್ಸರಿಗೆ ಕೆಲವು ಸಾವಿರ ರೂಪಾಯಿ, ಮೇಲೆ ಒಂದು ವಾರದ ಕಾಯುವಿಕೆ.

ಮನೆಗೆ ಬಂದು ತುಂಡನ್ನು ಗರಗಸದಿಂದ ಉದ್ದಕ್ಕೆ ಸೀಳಿ ಭೂತಗನ್ನಡಿಯಲ್ಲಿ ನೋಡಿದೆ. ಹೊರಗೆ ಕನ್ನಡಿಯಂತಿದ್ದ ಕ್ಯಾಪಿನ ಒಳಗೆ ಲೇಪವಿಲ್ಲ, ಬರಿಯ ಹಿತ್ತಾಳೆ. ಥ್ರೆಡ್‌ನ ಸಂದುಗಳಲ್ಲೆಲ್ಲ ಸುಣ್ಣದಂಥ ಬಿಳಿ ಪುಡಿ ಗಟ್ಟಿಯಾಗಿ ಕೂತಿತ್ತು.

ಲೋಹದ ಕ್ಯಾಪ್ ಹುಟ್ಟಿನಿಂದಲೇ ಕೆಟ್ಟ ವಸ್ತುವೇನಲ್ಲ. ಇಂದು ಜಗತ್ತಿನ ಬಹುತೇಕ ಕಾರುಗಳಲ್ಲಿರುವ ವಾಲ್ವಿಗೆ ನ್ಯೂಯಾರ್ಕಿನ ಶ್ರೇಡರ್ ಅವರ ಹೆಸರಿದೆ. ಅದರ ಪೇಟೆಂಟ್ 1893ರದು. ಕೊಳವೆ, ಒಳಗಿನ ಪಿನ್, ಮೇಲಿನ ಕ್ಯಾಪ್ ಎಲ್ಲವೂ ಹಿತ್ತಾಳೆಯಾಗಿದ್ದ ಕಾಲವದು. ಕೊಡಗಿನ ತೋಟಗಳಲ್ಲಿ ದಶಕಗಟ್ಟಲೆ ಓಡಿದ ಜೀಪುಗಳ ಕ್ಯಾಪ್ ನೆನಪಿರುವವರಿಗೆ ಅದರ ತುದಿಯ ಸೀಳೂ ನೆನಪಿರುತ್ತದೆ. ಕ್ಯಾಪನ್ನು ತಲೆಕೆಳಗು ಮಾಡಿ ತೂರಿಸಿದರೆ ವಾಲ್ವ್ ಪಿನ್ ಬಿಚ್ಚುವ ಉಪಕರಣವೇ ಅದಾಗುತ್ತಿತ್ತು. ಹಿತ್ತಾಳೆಯ ಮೇಲೆ ಹಿತ್ತಾಳೆ. ಕೆಸರು, ಮಳೆ, ಗೊಬ್ಬರ ಎಲ್ಲ ಕಂಡೂ ಅದು ಬಿಚ್ಚುತ್ತಿತ್ತು. ಒಳ್ಳೆಯ ವಿನ್ಯಾಸವೆಂದು ಧಾರಾಳವಾಗಿ ಹೊಗಳಬಹುದು.

ಬದಲಾದದ್ದು ಕೆಳಗಿನ ಕೊಳವೆ. ಟೈರಿನ ಒತ್ತಡವನ್ನು ಚಾಲಕನಿಗೆ ತಿಳಿಸುವ ವ್ಯವಸ್ಥೆ 1986ರ ಪೋರ್ಷೆ 959 ಕಾರಿನಲ್ಲಿ ಬಂತು. ಅಮೆರಿಕದಲ್ಲಿ ಟೈರ್ ಸಿಡಿದು ಸಂಭವಿಸಿದ ಸರಣಿ ಅಪಘಾತಗಳ ನಂತರ 2000ದಲ್ಲಿ ಕಾಯಿದೆಯಾಗಿ, 2007ರ ಹೊತ್ತಿಗೆ ಅಲ್ಲಿನ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯವಾಯಿತು. ಯೂರೋಪಿನಲ್ಲಿ 2014ರಿಂದ ಹಾಗೆಯೇ. ಈ ವ್ಯವಸ್ಥೆಯ ಒಂದು ಬಗೆಯಲ್ಲಿ ಚಕ್ರದೊಳಗೆ ಏನೂ ಇರುವುದಿಲ್ಲ. ಚಕ್ರ ತಿರುಗುವ ವೇಗದ ವ್ಯತ್ಯಾಸದಿಂದಲೇ ಗಾಳಿ ಇಳಿದದ್ದನ್ನು ಊಹಿಸುತ್ತದೆ. ಇನ್ನೊಂದು ಬಗೆಯಲ್ಲಿ ಬ್ಯಾಟರಿಯುಳ್ಳ ಸೆನ್ಸರ್ ರಿಮ್ಮಿನ ಒಳಗೆ ಕೂತು ರೇಡಿಯೋ ಸಂಕೇತ ಕಳಿಸುತ್ತದೆ, ವಾಲ್ವ್ ಕೊಳವೆಯೇ ಅದಕ್ಕೆ ಆಧಾರ. ಹಳೆಯ ರಬ್ಬರ್ ವಾಲ್ವಿಗಿಂತ ಭದ್ರವಾಗಿ ಹಿಡಿಯಬೇಕು, ಚಕ್ರದ ಸಮತೋಲ ಕೆಡದಷ್ಟು ಹಗುರವಾಗಿರಬೇಕು. ಇವೆರಡೂ ಬೇಕೆಂದಾಗ ಹಲವು ತಯಾರಕರು ನಟ್ಟು ಹಾಕಿ ಬಿಗಿಯುವ ಅಲ್ಯೂಮಿನಿಯಂ ಮಿಶ್ರಲೋಹದ ಕೊಳವೆಯನ್ನು ಆರಿಸಿಕೊಂಡರು. ಆ ಆಯ್ಕೆಯನ್ನು ಅವಸರದಲ್ಲಿ ತೆಗಳುವಂತಿಲ್ಲ. ಆದರೆ ಹಳೆಯ ಥ್ರೆಡ್ಡನ್ನು ಅವರು ಹಾಗೆಯೇ ಉಳಿಸಿದರು: ಸುಮಾರು 7.7 ಮಿಲಿಮೀಟರ್ ವ್ಯಾಸ, ಅಂಗುಲಕ್ಕೆ 32 ಸುತ್ತು. ಉಳಿಸದೆ ವಿಧಿಯೂ ಇರಲಿಲ್ಲ, ಪ್ರಪಂಚದ ಗಾಳಿಯಂತ್ರಗಳೆಲ್ಲ ಆ ಅಳತೆಗೇ ಹೊಂದಿಕೊಂಡಿವೆ. ಹೀಗಾಗಿ 1893ರ ಹಿತ್ತಾಳೆಯ ಕ್ಯಾಪ್ ಇಂದಿನ ಅಲ್ಯೂಮಿನಿಯಂ ಕೊಳವೆಯ ಮೇಲೆ ಸಲೀಸಾಗಿ ಕೂರುತ್ತದೆ. ಅಳತೆಯೇನೋ ಹೊಂದುತ್ತದೆ, ಲೋಹ ಹೊಂದುವುದಿಲ್ಲ.

ತಯಾರಕರಿಗೆ ಇದು ಗೊತ್ತಿಲ್ಲದ್ದಲ್ಲ. ಈ ಕೊಳವೆಗಳೊಳಗಿನ ವಾಲ್ವ್ ಪಿನ್ನಿಗೆ ಅವರು ನಿಕಲ್ ಲೇಪ ಕೊಡುತ್ತಾರೆ, ಬರಿಯ ಹಿತ್ತಾಳೆಯ ಪಿನ್ ಹಾಕಬಾರದೆನ್ನುತ್ತಾರೆ. ಗಾಡಿಯೊಂದಿಗೆ ಬರುವುದು ಸಾಮಾನ್ಯವಾಗಿ ಪ್ಲಾಸ್ಟಿಕ್ ಕ್ಯಾಪ್. ಲೋಹದ ಕ್ಯಾಪ್ ಬಳಸಬೇಡಿ ಎಂಬ ಸೂಚನೆ ಹಲವು ಕೈಪಿಡಿಗಳಲ್ಲಿದೆ. ಆದರೆ ಏಕೆ ಎಂಬ ಒಂದು ವಾಕ್ಯವನ್ನು ಜೊತೆಗೆ ಸೇರಿಸುವವರು ವಿರಳ. ಕಾರಣ ತಿಳಿಸದ ನಿಷೇಧ ನಮ್ಮಲ್ಲಿ ಎಷ್ಟು ದಿನ ನಿಲ್ಲುತ್ತದೆಂಬುದು ಶಾಲೆಯಲ್ಲಿ ಪಾಠ ಮಾಡಿದವರಿಗೆಲ್ಲ ಗೊತ್ತು. ಪ್ಲಾಸ್ಟಿಕ್ ಎಂದರೆ ಕಳಪೆ, ಲೋಹವೆಂದರೆ ಗಟ್ಟಿ ಎಂಬ ನಂಬಿಕೆಯ ಎದುರು ಆ ಸೂಚನೆ ಸೋಲುತ್ತದೆ.

ಈಗ ಆ ಬಿಳಿ ಪುಡಿಯ ವಿಚಾರ. ಅಕ್ಕನ ಮಗ ಎಂಜಿನಿಯರಿಂಗ್ ಓದಿದವನು. ಕೇಳಿದಾಗ ಅವನು ಕೊಟ್ಟ ಉತ್ತರ ಹೀಗಿತ್ತು: "ಮಾವ, ಹಿತ್ತಾಳೆ ತುಕ್ಕು ಹಿಡಿಯಲ್ಲ, ಅಲ್ಯೂಮಿನಿಯಂ ಕೂಡ ತುಕ್ಕು ಹಿಡಿಯಲ್ಲ. ಮತ್ತೆ ಹೇಗೆ ಹಿಡ್ಕೊಳ್ತು?" ಎರಡು ಮಾತೂ ಬಿಡಿಬಿಡಿಯಾಗಿ ಹೆಚ್ಚುಕಡಿಮೆ ಸರಿ. ಕೂಡಿಸಿ ತೆಗೆದ ತೀರ್ಮಾನ ಮಾತ್ರ ತಪ್ಪು. ಈ ತಪ್ಪನ್ನು ಅವನು ತಾನಾಗಿ ಕಲಿತದ್ದಲ್ಲ, ನಾವು ಕಲಿಸಿದ್ದು.

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ 'ಲೋಹಗಳು ಮತ್ತು ಅಲೋಹಗಳು' ಅಧ್ಯಾಯವನ್ನು ತೆರೆದು ನೋಡಿ. ಎನ್‌ಸಿಇಆರ್‌ಟಿ ರಚಿಸಿದ ಈ ಪಾಠವನ್ನೇ ನಮ್ಮ ರಾಜ್ಯದ ಮಕ್ಕಳೂ ಕನ್ನಡದಲ್ಲಿ ಓದುತ್ತಾರೆ. ಬೆಳ್ಳಿ ಕಪ್ಪಾಗುತ್ತದೆ, ತಾಮ್ರ ಹಸಿರಾಗುತ್ತದೆ, ಕಬ್ಬಿಣ ಕಂದಾಗುತ್ತದೆ. ಬಳಿಕ ಮೂರು ಪ್ರನಾಳಗಳಲ್ಲಿ ಮೊಳೆಗಳ ಪ್ರಯೋಗ: ಒಂದರಲ್ಲಿ ನೀರು ಮತ್ತು ಗಾಳಿ, ಇನ್ನೊಂದರಲ್ಲಿ ಎಣ್ಣೆ ಮುಚ್ಚಿದ ಕುದಿಸಿದ ನೀರು, ಮತ್ತೊಂದರಲ್ಲಿ ತೇವ ಹೀರಿದ ಗಾಳಿ. ಪ್ರಯೋಗ ಚೆನ್ನಾಗಿದೆ, ನಾನೇ ಎಷ್ಟೋ ವರ್ಷ ಮಾಡಿಸಿದ್ದೇನೆ. ಆದರೆ ಮೂರೂ ಪ್ರನಾಳಗಳಲ್ಲಿ ಇರುವುದು ಒಂದೇ ಲೋಹ. ನಶಿಸುವಿಕೆ ಎಂಬುದು ಆಯಾ ಲೋಹದ ಸ್ವಂತ ಗುಣ, ಅದರ ಜಾತಕದಲ್ಲೇ ಬರೆದದ್ದು ಎಂಬ ಭಾವನೆ ಮಗುವಿನ ಮನಸ್ಸಿನಲ್ಲಿ ಕೂರುತ್ತದೆ. ಎರಡು ಲೋಹಗಳು ತಾಗಿಕೊಂಡಿದ್ದಾಗ ಒಂದರ ಗತಿ ಇನ್ನೊಂದರಿಂದ ನಿರ್ಧಾರವಾಗುತ್ತದೆ ಎಂಬ ಮಾತು ಆ ಪಾಠದಲ್ಲಿ ಒಂದೇ ಕಡೆ ಸುಳಿಯುತ್ತದೆ. ಸತುವಿನ ಲೇಪ ಗೀಚಿಹೋದರೂ ಒಳಗಿನ ಕಬ್ಬಿಣಕ್ಕೆ ರಕ್ಷಣೆ ಮುಂದುವರಿಯುತ್ತದೆಂದು ಹೇಳಿ, ಕಾರಣವನ್ನು ವಿದ್ಯಾರ್ಥಿಗಳೇ ಯೋಚಿಸಲೆಂದು ಬಿಟ್ಟಿದ್ದಾರೆ. ಇಡೀ ಪಾಠದ ಜೀವಾಳ ಆ ಪ್ರಶ್ನೆಯಲ್ಲಿದೆ. ಪರೀಕ್ಷೆಯಲ್ಲಿ ಬರುವುದಿಲ್ಲವಾದ್ದರಿಂದ ನಮ್ಮಲ್ಲಿ ಬಹುಮಂದಿ ಅದನ್ನು ದಾಟಿಬಿಡುತ್ತೇವೆ. ಪಿಯುಸಿ ಎರಡನೆಯ ವರ್ಷದ ವಿದ್ಯುದ್ರಸಾಯನ ಪಾಠದ ಕೊನೆಯಲ್ಲಿ ವಿಷಯ ಮತ್ತೆ ಬರುತ್ತದೆ, ಆದರೆ ಅಲ್ಲಿಯೂ ಮುಖ್ಯಪಾತ್ರ ಕಬ್ಬಿಣದ್ದೇ.

ಜೋಡಿಯ ಲೆಕ್ಕ ಹೀಗೆ. ಹಿತ್ತಾಳೆಯೆಂದರೆ ತಾಮ್ರ, ಸತುಗಳ ಮಿಶ್ರಲೋಹ. ಅದು, ಅಲ್ಯೂಮಿನಿಯಂ, ನಡುವೆ ಲವಣ ಬೆರೆತ ನೀರು. ಇಷ್ಟು ಸೇರಿದರೆ ಅದೊಂದು ವಿದ್ಯುತ್ಕೋಶ. ಅಲ್ಯೂಮಿನಿಯಂ ಆನೋಡ್ ಆಗಿ ಕರಗುತ್ತದೆ, ಹಿತ್ತಾಳೆ ಕ್ಯಾಥೋಡ್ ಆಗಿ ಉಳಿದುಕೊಳ್ಳುತ್ತದೆ. ಎಷ್ಟು ವಿಭವಾಂತರ? ಪಠ್ಯದ ಕೋಷ್ಟಕದಲ್ಲಿ ತಾಮ್ರಕ್ಕೆ +0.34 ವೋಲ್ಟ್, ಅಲ್ಯೂಮಿನಿಯಮಿಗೆ −1.66 ವೋಲ್ಟ್, ಕಳೆದರೆ 2 ವೋಲ್ಟ್. ಉಪ್ಪು ನೀರಿನಲ್ಲಿ ನಿಜವಾಗಿ ಅಳೆದರೆ ಸಿಗುವುದು ಅರ್ಧ ವೋಲ್ಟಿನ ಆಸುಪಾಸು. ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳಿಂದ ಮುಚ್ಚಿಡಬಾರದು. ಅಲ್ಯೂಮಿನಿಯಮಿನ ಮೈಮೇಲೆ ಸದಾ ಒಂದು ಆಕ್ಸೈಡ್ ಪೊರೆಯಿದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅಂಥ ಕೆಲವೇ ಭಾಗಗಳ ದಪ್ಪ ಅದರದು. ಲೋಹದ ಬಹುಪಾಲು ಆತುರವನ್ನು ಆ ಪೊರೆ ತಡೆದು ನಿಲ್ಲಿಸಿದೆ. ಕೊಳವೆಗೆ ಆನೋಡೀಕರಣ ಮಾಡಿದ್ದರೆ ಪೊರೆ ಇನ್ನೂ ದಪ್ಪ. ಆದರೆ ಕ್ಯಾಪನ್ನು ತಿರುಗಿಸಿ ಹಾಕುವಾಗ, ತೆಗೆಯುವಾಗ ಥ್ರೆಡ್‌ಗಳ ಏಣಿನಲ್ಲಿ ಪೊರೆ ಗೀಚಿಹೋಗುತ್ತದೆ, ಬೇಕಾದ ಲೋಹಸಂಪರ್ಕ ಅಲ್ಲೇ ಸಿಗುತ್ತದೆ. ಕೂದಲೆಳೆಯಷ್ಟು ಸಂದಿಗೆ ನೀರು ಲೋಮನಾಳ ಕ್ರಿಯೆಯಿಂದ ನುಗ್ಗುತ್ತದೆ, ನುಗ್ಗಿದ್ದು ಬೇಗ ಆರುವುದಿಲ್ಲ. ಸಂದಿಯ ಆಳದಲ್ಲಿ ಆಕ್ಸಿಜನ್ ಕಡಿಮೆ, ಹಾಗಾಗಿ ಹರಿದ ಪೊರೆ ಮತ್ತೆ ಬೆಳೆಯುವುದೂ ಕಷ್ಟ.

ಕರಗಿದ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಆಗಿ ಅಲ್ಲೇ ಕೂರುತ್ತದೆ. ಇಲ್ಲೊಂದು ಸುಲಭ ಲೆಕ್ಕವನ್ನು ಹಲಗೆಯ ಮೇಲೆ ಮಾಡಬಹುದು. 27 ಗ್ರಾಂ ಅಲ್ಯೂಮಿನಿಯಂ, ಸಾಂದ್ರತೆ 2.7; ಗಾತ್ರ 10 ಘನ ಸೆಂಟಿಮೀಟರ್. ಅದರಿಂದ ಬರುವ ಹೈಡ್ರಾಕ್ಸೈಡ್ 78 ಗ್ರಾಂ, ಸಾಂದ್ರತೆ ಸುಮಾರು 2.4, ಗಾತ್ರ 32 ಘನ ಸೆಂಟಿಮೀಟರಿಗೂ ತುಸು ಹೆಚ್ಚು. ಲೋಹವಿದ್ದ ಜಾಗದ ಮೂರು ಪಟ್ಟಿಗಿಂತ ಹೆಚ್ಚು ಜಾಗವನ್ನು ಪುಡಿ ಕೇಳುತ್ತದೆ. ಥ್ರೆಡ್‌ನ ಸಂದಿಯಲ್ಲಿ ಆ ಜಾಗ ಎಲ್ಲಿದೆ? ಕ್ಯಾಪ್ ಅಂಟಿಕೊಂಡದ್ದಲ್ಲ, ಒಳಗಿನಿಂದ ಬೆಣೆ ಬಡಿದಂತೆ ಬಿಗಿದುಕೊಂಡದ್ದು. ನ್ಯೂಯಾರ್ಕಿನ ಸ್ವಾತಂತ್ರ್ಯ ಪ್ರತಿಮೆಯಲ್ಲೂ ಇದೇ ನಡೆದಿತ್ತು. ತಾಮ್ರದ ಹೊದಿಕೆಯನ್ನು ಹಿಡಿದಿದ್ದ ಕಬ್ಬಿಣದ ಪಟ್ಟಿಗಳು ತುಕ್ಕಿನಿಂದ ಉಬ್ಬಿ ರಿವೆಟ್‌ಗಳನ್ನೇ ಕಿತ್ತಿದ್ದವು. 1986ರ ಶತಮಾನೋತ್ಸವದ ದುರಸ್ತಿಯಲ್ಲಿ ಆ ಪಟ್ಟಿಗಳ ಬದಲು ತುಕ್ಕುರಹಿತ ಉಕ್ಕು ಹಾಕಿ, ತಾಮ್ರಕ್ಕೆ ತಾಗದಂತೆ ನಡುವೆ ಟೆಫ್ಲಾನ್ ಇಟ್ಟರು.

ನಡುವೆ ಏನಾದರೂ ಇಡುವ ಉಪಾಯ ವಿದ್ಯುತ್ಕೋಶಕ್ಕಿಂತಲೂ ಹಳೆಯದು. 1761ರಲ್ಲಿ ಬ್ರಿಟಿಷ್ ನೌಕಾಪಡೆ 'ಅಲಾರ್ಮ್' ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊದಿಸಿ ವೆಸ್ಟ್ ಇಂಡೀಸ್ ಕಡೆಗೆ ಕಳಿಸಿತು. ಮರಳಿ ಬಂದಾಗ ನೋಡಿದರೆ ತಗಡು ಸೊಗಸಾಗಿತ್ತು, ಅದನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ಸವೆದುಹೋಗಿದ್ದವು. ಕೆಲವು ಮೊಳೆಗಳು ಮಾತ್ರ ಗಟ್ಟಿಯಾಗಿ ಉಳಿದಿದ್ದವು. ತಗಡು ಸುತ್ತಿ ಬಂದಿದ್ದ ಕಂದು ಕಾಗದ ಹರಿಯದೆ ನಡುವೆ ಸಿಕ್ಕಿಕೊಂಡಿದ್ದ ಕಡೆಯ ಮೊಳೆಗಳು ಅವು. ವೋಲ್ಟಾನ ವಿದ್ಯುತ್ಕೋಶ ಬರಲು ಇನ್ನೂ ಸುಮಾರು 40 ವರ್ಷವಿತ್ತು. ಕಾರಣ ಯಾರಿಗೂ ಗೊತ್ತಿರಲಿಲ್ಲ, ಆದರೂ ಕಾಗದದ ಗುಣವನ್ನು ಕಂಡವರು ಕಂಡರು. ನಮ್ಮ ಪ್ಲಾಸ್ಟಿಕ್ ಕ್ಯಾಪ್ ಮಾಡುವ ಕೆಲಸ ಆ ಕಂದು ಕಾಗದದ್ದೇ.

ಅಷ್ಟು ದೂರ ಏಕೆ, ನಮ್ಮ ತೋಟಗಳಿಗೇ ಬನ್ನಿ. ಕಾಫಿ, ಅಡಿಕೆಗೆ ಬೋರ್ಡೋ ದ್ರಾವಣ ತಯಾರಿಸುವವರು ಮೈಲುತುತ್ತದ ನೀರನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕಲಸುವುದಿಲ್ಲ. ಸುಣ್ಣ ಸೇರಿಸಿದ ಮೇಲೆ ಉಜ್ಜಿದ ಕತ್ತಿಯೊಂದನ್ನು ಅದ್ದಿ ತೆಗೆಯುತ್ತಾರೆ. ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ. ತಾಮ್ರದ ಅಯಾನು ಕಬ್ಬಿಣದಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಲೋಹವಾಗಿ ಕೂರುತ್ತದೆಂಬುದನ್ನು, ಆ ಮಾತು ಬಳಸದೆಯೇ, ನಮ್ಮ ಬೆಳೆಗಾರರೂ ಕಾರ್ಮಿಕರೂ ಪ್ರತಿ ಮಳೆಗಾಲಕ್ಕೆ ಮುಂಚೆ ಪರೀಕ್ಷಿಸುತ್ತಾರೆ. ಯಾವುದು ಯಾವುದಕ್ಕೆ ತಾಗಿತು ಎಂಬ ಪ್ರಶ್ನೆ ಅವರದು. ತರಗತಿಯಲ್ಲಿ ನಾವು ಇದು ಯಾವ ಲೋಹ ಎಂದಷ್ಟೇ ಕೇಳಿ ನಿಲ್ಲಿಸುತ್ತೇವೆ. ವಿರಾಜಪೇಟೆ, ಗೋಣಿಕೊಪ್ಪದ ಶಾಲೆಗಳಲ್ಲಿ ಕತ್ತಿಯ ಈ ಪರೀಕ್ಷೆ ಸ್ಥಾನಪಲ್ಲಟ ಕ್ರಿಯೆಯ ಮೊದಲ ಉದಾಹರಣೆಯಾಗಬೇಕಿತ್ತು. ಬೀಕರಿನಲ್ಲಿ ಮೊಳೆ ಅದ್ದುವುದನ್ನೇ ನಾವು ಇಂದಿಗೂ ಹಿಡಿದುಕೊಂಡಿದ್ದೇವೆ.

ಹಿಮಬೀಳುವ ದೇಶಗಳಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅಲ್ಲಿ ಕ್ಯಾಪ್ ಕಚ್ಚಿಕೊಳ್ಳುವುದು ಮಾಮೂಲು. ಉಪ್ಪಿಲ್ಲದ ಕೊಡಗಿನಲ್ಲೇಕೆ ಎಂದು ಕೇಳಬಹುದು. ಮಳೆನೀರು ತಾನಾಗಿ ಒಳ್ಳೆಯ ವಾಹಕವಲ್ಲ, ನಿಜ. ಆದರೆ ಚಕ್ರಕ್ಕೆ ಎರಚುವುದು ಮಳೆನೀರಲ್ಲ, ರಸ್ತೆಯ ಕೆಸರು. ತೋಟದ ದಾರಿಯಲ್ಲಿ ಅದಕ್ಕೆ ಗೊಬ್ಬರ ಸೇರುತ್ತದೆ. ನಾವು ಪೊಟ್ಯಾಷ್ ಎನ್ನುವುದು ಹೆಚ್ಚಾಗಿ ಪೊಟ್ಯಾಸಿಯಂ ಕ್ಲೋರೈಡ್. ಅಲ್ಯೂಮಿನಿಯಮಿನ ಪೊರೆಯನ್ನು ಚುಚ್ಚುವುದರಲ್ಲಿ ಕ್ಲೋರೈಡ್ ನಿಸ್ಸೀಮ. ಸಿಂಪಡಣೆಯ ದಿನಗಳಲ್ಲಿ ಬೋರ್ಡೋ ಹನಿ ಬಿದ್ದರೆ ಅದರ ಸುಣ್ಣದ ಕ್ಷಾರವೂ ಪೊರೆಗೆ ಶತ್ರು, ಉಳಿದ ತಾಮ್ರವಂತೂ ಇನ್ನೂ ಕೆಟ್ಟದ್ದು. ಜೊತೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆರದ ತೇವ. ನನ್ನ ಕಾರಿನ ಪ್ರಕರಣದಲ್ಲಿ ಇವುಗಳಲ್ಲಿ ಯಾವುದರ ಪಾಲೆಷ್ಟು ಎಂದು ಹೇಳಲಾರೆ, ಆ ಪುಡಿಯನ್ನು ವಿಶ್ಲೇಷಣೆ ಮಾಡಿಸಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ವಾದಕ್ಕೇ ಒಂದು ತಿದ್ದುಪಡಿ ಬೇಕು. ಹಿತ್ತಾಳೆ ಬಿಟ್ಟು ಬಣ್ಣದ ಅಲ್ಯೂಮಿನಿಯಂ ಕ್ಯಾಪ್ ಹಾಕಿದರೆ ಒಂದೇ ಲೋಹವಾಯಿತಲ್ಲ, ಕೋಶವೆಲ್ಲಿ? ಕೋಶದ ಬಾಧೆ ಕಡಿಮೆ, ಸರಿ. ಆದರೆ ಮೃದುವಾದ ಎರಡು ಅಲ್ಯೂಮಿನಿಯಂ ಮೈಗಳು ಒತ್ತಿಕೊಂಡು ಉಜ್ಜಿದಾಗ ಪೊರೆ ಹರಿದ ಕಡೆ ಲೋಹಕ್ಕೆ ಲೋಹ ಬೆಸೆದುಕೊಳ್ಳುತ್ತದೆ, ಸಂದಿಯ ನೀರು ತನ್ನ ಕೆಲಸ ಮಾಡಿಯೇ ಮಾಡುತ್ತದೆ. ಆದ್ದರಿಂದ ಇದೂ ಕಚ್ಚಿಕೊಳ್ಳುತ್ತದೆ. ಭಿನ್ನ ಲೋಹ ಕೆಡುಕು, ಸಮಾನ ಲೋಹ ಕ್ಷೇಮ ಎಂಬ ಸೂತ್ರವನ್ನು ಮಕ್ಕಳಿಗೆ ಕಟ್ಟಿಕೊಡಬೇಡಿ. ಹಿತ್ತಾಳೆಯ ಮೇಲೆ ಹಿತ್ತಾಳೆ ನಡೆದಷ್ಟು ಚೆನ್ನಾಗಿ ಅಲ್ಯೂಮಿನಿಯಂ ಮೇಲೆ ಅಲ್ಯೂಮಿನಿಯಂ ನಡೆಯುವುದಿಲ್ಲ. ಪೇಟೆಯಲ್ಲಿ ಸಿಗುವ, ವಾಲ್ವಿನ ಮೇಲೆಯೇ ತಿರುಗಿಸಿ ಕೂರಿಸುವ ಹೊರಸೆನ್ಸರುಗಳಿಗೂ ಇದೇ ಪರೀಕ್ಷೆ: ಹಲವುಗಳ ಒಳಥ್ರೆಡ್ ಹಿತ್ತಾಳೆಯದು. ಕೆಳಗಿನದು ಹಿತ್ತಾಳೆಯ ಸಾಮಾನ್ಯ ರಬ್ಬರ್ ವಾಲ್ವಾದರೆ ಚಿಂತೆಯಿಲ್ಲ, ಅಲ್ಯೂಮಿನಿಯಂ ಆದರೆ ಬೇಡ.

ಕಚ್ಚಿಕೊಂಡದ್ದನ್ನು ಬಿಡಿಸುವ ಬಗ್ಗೆ ಒಂದು ಮಾತು. 'ಬಿಸಿ ಮಾಡಿ' ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಗಾಜಿನ ಸೀಸೆಯ ಲೋಹದ ಮುಚ್ಚಳಕ್ಕೆ ಬಿಸಿನೀರು ಹೊಯ್ಯುವ ಪಾಠದಿಂದ ಬಂದದ್ದಿರಬೇಕು. ಅಲ್ಲಿ ಹೊರಗಿನ ಲೋಹ ಒಳಗಿನ ಗಾಜಿಗಿಂತ ಹೆಚ್ಚು ಹಿಗ್ಗುತ್ತದೆ. ಇಲ್ಲಿ ತಿರುವುಮುರುವು. ಡಿಗ್ರಿಯೊಂದಕ್ಕೆ ಅಲ್ಯೂಮಿನಿಯಂ ಹತ್ತು ಲಕ್ಷದಲ್ಲಿ 23 ಪಾಲು ಹಿಗ್ಗಿದರೆ ಹಿತ್ತಾಳೆ 19. ಎರಡೂ ಒಟ್ಟಿಗೆ ಬಿಸಿಯಾದರೆ ಒಳಗಿನ ಕೊಳವೆಯೇ ಹೆಚ್ಚು ಉಬ್ಬುತ್ತದೆ. ವ್ಯತ್ಯಾಸ ತೀರ ಸಣ್ಣದು, ಆದರೆ ದಿಕ್ಕು ತಪ್ಪು. ಸಾಲದ್ದಕ್ಕೆ ಕೆಳಗಿನ ರಬ್ಬರ್ ಸೀಲು ಬೆಂದುಹೋಗುವ ಭಯ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಕಾಯುವುದು, ಕೊಳವೆಯನ್ನು ಒಂದು ಇಕ್ಕಳದಿಂದ ಅಲ್ಲಾಡದಂತೆ ಹಿಡಿದು ಇನ್ನೊಂದರಿಂದ ಕ್ಯಾಪನ್ನು ಅತ್ತಿತ್ತ ಸ್ವಲ್ಪ ಸ್ವಲ್ಪವೇ ಆಡಿಸುವುದು, ಬಾರದಿದ್ದರೆ ಕ್ಯಾಪನ್ನು ಸಣ್ಣ ಗರಗಸದಿಂದ ಉದ್ದಕ್ಕೆ ಸೀಳುವುದು ಮೇಲು. ಪ್ರಯಾಣದ ನಡುವೆ ಈ ಯಾವುದನ್ನೂ ಮಾಡಬಾರದು.

ಪ್ರಯಾಣದ ನಡುವೆ ಎಂದದ್ದಕ್ಕೆ ಕಾರಣವಿದೆ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಅದರಂತೆ ಆ ವರ್ಷದ ಅಕ್ಟೋಬರಿನಿಂದ, 3.5 ಟನ್ ತೂಕದೊಳಗಿನ ಕಾರು ವರ್ಗದ ವಾಹನದಲ್ಲಿ ಟ್ಯೂಬ್‌ಲೆಸ್ ಟೈರ್, ಒತ್ತಡದ ಸೆನ್ಸರ್ ವ್ಯವಸ್ಥೆ, ಪಂಕ್ಚರ್ ದುರಸ್ತಿ ಕಿಟ್ ಇದ್ದರೆ ಸ್ಟೆಪ್ನಿ ಕೊಡಲೇಬೇಕೆಂದಿಲ್ಲ. ಮೇಲ್ನೋಟಕ್ಕೆ ಸಮಂಜಸ: ಸೆನ್ಸರ್ ಮುಂಚಿತವಾಗಿ ಎಚ್ಚರಿಸುತ್ತದೆ, ಕಿಟ್ಟಿನ ಅಂಟುದ್ರವ ತೂತು ಮುಚ್ಚುತ್ತದೆ. ಆದರೆ ಆ ದ್ರವವೂ ಗಾಳಿಯೂ ಒಳಗೆ ಹೋಗಬೇಕಾದ ಬಾಗಿಲು ಯಾವುದು? ಅದೇ ವಾಲ್ವ್. ಕ್ಯಾಪ್ ಕಚ್ಚಿಕೊಂಡಿದ್ದರೆ ಕಿಟ್ ನಿರುಪಯುಕ್ತ, ಬಲವಂತದಲ್ಲಿ ಕೊಳವೆ ಮುರಿದರೆ ತೂತಿಲ್ಲದ ಟೈರೂ ನಿಷ್ಪ್ರಯೋಜಕ. ಮಾಕುಟ್ಟದ ಕಾಡಿನ ತಿರುವಿನಲ್ಲಿ, ಮೊಬೈಲ್ ಸಂಕೇತ ಬಂದು ಹೋಗುವ ಕಡೆ, ಕತ್ತಲಾದ ಮೇಲೆ ಹೀಗಾದರೆ ಏನು ಗತಿ ಎಂದು ವಿವರಿಸಬೇಕಾಗಿಲ್ಲ. ಸ್ಟೆಪ್ನಿ ಬಿಡಬಹುದೆಂದು ಅನುಮತಿ ಕೊಡುವಾಗ, ಅದರ ಜಾಗದಲ್ಲಿ ನಂಬಿದ ವಾಲ್ವನ್ನು ಕ್ಯಾಪ್ ಕಚ್ಚಿಕೊಳ್ಳದಂತೆ ಕಾಯುವ ಹೊಣೆಯನ್ನು ತಯಾರಕರಿಗೆ ಹೊರಿಸಬೇಕಿತ್ತು. ಕೊಳವೆಯ ಥ್ರೆಡ್ ಭಾಗಕ್ಕೆ ನಿಕಲ್ ಲೇಪದ ಹಿತ್ತಾಳೆಯನ್ನೇ ಇಡಬಹುದು. ಕನಿಷ್ಠ ಕ್ಯಾಪಿನ ಮೇಲೆಯೇ ಎಚ್ಚರಿಕೆ ಅಚ್ಚೊತ್ತಬಹುದು. ಬಿಡಿಭಾಗ ಮಾರುವವರು 'ಎಲ್ಲ ಕಾರಿಗೂ ಹೊಂದುತ್ತದೆ' ಎಂದು ಪೊಟ್ಟಣದ ಮೇಲೆ ಬರೆಯುತ್ತಾರಲ್ಲ, ಆ ಮಾತು ಅಳತೆಗೆ ಮಾತ್ರ ನಿಜ.

ತರಗತಿಯಲ್ಲಿ ಮಾಡಬಹುದಾದದ್ದು ಖರ್ಚಿಲ್ಲದ ಕೆಲಸ. ಹಳೆಯ ಅಲ್ಯೂಮಿನಿಯಂ ವಿದ್ಯುತ್ ತಂತಿಯ ಮೂರು ತುಂಡು. ಒಂದಕ್ಕೆ ಏನೂ ಸುತ್ತಬೇಡಿ, ಒಂದಕ್ಕೆ ತಾಮ್ರದ ತಂತಿಯನ್ನು ಬಿಗಿಯಾಗಿ ಸುತ್ತಿ, ಮೂರನೆಯದಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ ಅದರ ಮೇಲೆ ತಾಮ್ರ ಸುತ್ತಿ. ಮೂರನ್ನೂ ಬೇರೆ ಬೇರೆ ಲೋಟದ ಉಪ್ಪುನೀರಿನಲ್ಲಿ ಅರ್ಧ ಮುಳುಗಿಸಿ ಎರಡು ವಾರ ಬಿಡಿ. ಮೂರನೆಯದರಲ್ಲಿ ತಾಮ್ರದ ತುದಿ ಎಲ್ಲಿಯೂ ಅಲ್ಯೂಮಿನಿಯಮಿಗೆ ತಾಗದಂತೆ ನೋಡಿಕೊಳ್ಳಬೇಕು, ಮಕ್ಕಳು ಇದರಲ್ಲೇ ಎಡವುತ್ತಾರೆ. ಮಲ್ಟಿಮೀಟರ್ ಇದ್ದರೆ ಮೂರನೆಯ ಲೋಟದಲ್ಲಿ ಎರಡು ಲೋಹಗಳ ನಡುವಿನ ವೋಲ್ಟೇಜನ್ನು ಅಳೆದು, ಪುಸ್ತಕದ 2 ವೋಲ್ಟಿನೊಂದಿಗೆ ಹೋಲಿಸಲು ಹೇಳಿ. ಮೊಳೆಗಳ ಮೂರು ಪ್ರನಾಳಗಳ ಪಕ್ಕದಲ್ಲೇ ಈ ಮೂರು ಲೋಟಗಳನ್ನೂ ಇಡಬಹುದು.

ನನ್ನ ಕಾರಿನ ಉಳಿದ ಮೂರು ಕ್ಯಾಪ್‌ಗಳಲ್ಲಿ ಎರಡು ಎಣ್ಣೆಗೆ ಬಿಟ್ಟವು. ಮೂರನೆಯದು ಬಿಡಲಿಲ್ಲ. ಗಾಳಿ ತುಂಬಿಸಲಾಗದ ಚಕ್ರದಲ್ಲಿ ಘಟ್ಟ ಇಳಿಯುವ ಧೈರ್ಯವಿರಲಿಲ್ಲ, ಆದ್ದರಿಂದ ಟೈರ್ ಅಂಗಡಿಗೆ ಒಯ್ದು, ಜಾಕ್ ಕೊಟ್ಟು, ಕ್ಯಾಪನ್ನು ಸೀಳಿಸಿ ತೆಗೆಸಿದೆ. ಕೊಳವೆಯ ಥ್ರೆಡ್ ಒಂದು ಪಕ್ಕದಲ್ಲಿ ತಿಂದುಹೋಗಿದ್ದರೂ ಗಾಳಿ ಹಿಡಿಯುತ್ತಿದೆ. ಅಂಗಡಿಯವರು ಹಳೆಯ ಚಕ್ರಗಳಿಂದ ಬಿಚ್ಚಿಟ್ಟಿದ್ದ ಡಬ್ಬಿಯಿಂದ ನಾಲ್ಕು ಕಪ್ಪು ಪ್ಲಾಸ್ಟಿಕ್ ಕ್ಯಾಪ್ ಆರಿಸಿಕೊಟ್ಟು ದುಡ್ಡು ಬೇಡವೆಂದರು.